ಹೊಲವನ್ನು ಯಾರು ಬೇಕಾದರೂ ಕೊಳ್ಳಬಹುದೇ? ಪರ-ವಿರೋಧ

ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. 79ಎ, 79ಬಿ ಕಲಂಗಳು ಹೋದವು. ಅಲ್ಲಿಯವರೆಗೆ ಬೇಸಾಯ ಮಾಡದವರು, ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷ ರೂಪಾಯಿ ದಾಟಿದ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಈಗ ಆ ತಡೆ ಇಲ್ಲ. ಇದರಿಂದ ಸಣ್ಣ ರೈತ ಗೆದ್ದನೇ, ಸೋತನೇ?

ಪರ

ಆಸ್ತಿ ಅಂದ ಮೇಲೆ ಮಾರುವ ಹಕ್ಕೂ ಇರಬೇಕು, ಅಲ್ವಾ? ಪೇಟೆಯವನು ತನ್ನ ಸೈಟನ್ನು ಯಾರಿಗೆ ಬೇಕಾದರೂ ಮಾರುತ್ತಾನೆ. ರೈತ ಮಾತ್ರ ಇನ್ನೊಬ್ಬ ರೈತನನ್ನೇ ಹುಡುಕಬೇಕಿತ್ತು. ಊರಲ್ಲಿ ಕೈಯಲ್ಲಿ ದುಡ್ಡಿರುವವರು ಒಬ್ಬಿಬ್ಬರು. ಆಸ್ಪತ್ರೆ ಖರ್ಚಿಗೆ ಅರ್ಜೆಂಟಾಗಿ ಮಾರಲು ಹೊರಟವನಿಗೆ ಅವರು ಹೇಳಿದ್ದೇ ರೇಟು.

ಆ ಕಲಂಗಳು ದೊಡ್ಡವರನ್ನು ತಡೆದದ್ದೂ ಅಷ್ಟಕ್ಕಷ್ಟೇ. ಅವರು ಬೇರೆಯವರ ಹೆಸರಲ್ಲಿ ಬರೆಸಿಕೊಳ್ಳುತ್ತಿದ್ದರು. 2015ರವರೆಗೆ ಆದಾಯದ ಮಿತಿ ಬರೀ 2 ಲಕ್ಷ ಇತ್ತು. ರೈತನ ಮಗ ಮೇಷ್ಟ್ರಾಗಿದ್ದರೆ ಪಕ್ಕದ ಹೊಲ ಕೊಳ್ಳಲೂ ಅವನ ಸಂಬಳವೇ ಅಡ್ಡಿ! ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅಲೆಯುವ ಪಾಡು ಇಂಥವರದ್ದಾಗಿತ್ತು.

ವಿರೋಧ

ಕೊಳ್ಳುವವರು ಜಾಸ್ತಿಯಾದರೆ ರೈತನಿಗೆ ಲಾಭ ಅನ್ನುವುದು ಅರ್ಧ ನಿಜ. ರಿಂಗ್ ರೋಡು ಎಲ್ಲಿ ಹಾದುಹೋಗುತ್ತೆ, ಮಾಸ್ಟರ್ ಪ್ಲಾನಿನಲ್ಲಿ ಯಾವ ಸರ್ವೆ ನಂಬರು ವಸತಿಗೆ ಹೋಗುತ್ತೆ, ಬೆಲೆ ಹುಟ್ಟುವುದು ಅಲ್ಲಿ. ಈ ಸುದ್ದಿ ಹೊಲದವನಿಗಿಂತ ಮೊದಲು ಮುಟ್ಟುವುದು ಅಧಿಕಾರದ ಹತ್ತಿರ ಇರುವವರಿಗೆ. ಅವರು ಎಕರೆ ಲೆಕ್ಕದಲ್ಲಿ ಕೊಳ್ಳುತ್ತಾರೆ, ಭೂಪರಿವರ್ತನೆ ಮಾಡಿಸಿ, ಅಂದರೆ ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸಿ, ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಎಕರೆ ಅಂದರೆ 43,560 ಚದರಡಿ. ಎಕರೆಗೆ 40 ಲಕ್ಷ ಸಿಕ್ಕಿತು ಎಂದು ರೈತ ಖುಷಿಪಟ್ಟರೆ, ಚದರಡಿಗೆ ಅವನಿಗೆ ನೂರು ರೂಪಾಯಿಯೂ ಬಿದ್ದಿಲ್ಲ. ರಸ್ತೆ, ಪಾರ್ಕಿಗೆ ಅರ್ಧ ಜಾಗ ಬಿಟ್ಟರೂ ಲೇಔಟಿನವನ ಲೆಕ್ಕ ಏನಾಗುತ್ತೆ, ನೀವೇ ನೋಡಿ.

ಕಾನೂನು ಬಡವನ ಪರ ಇದ್ದಾಗಲೂ ಊರಿನ ರಾಜಕೀಯ ಅಡ್ಡ ಬಂದಿತ್ತು. ದೇವರಾಜ ಅರಸು ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದ ಪಾಲಾಯಿತು. ಅದನ್ನು ತನ್ನ ಹೆಸರಿಗೆ ಪಡೆಯಲು ಉಳುತ್ತಿದ್ದವನು ಫಾರಂ 7 ಅನ್ನುವ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಹೋಗಬೇಕಿತ್ತು. ಅಲ್ಲಿ ಎಸಿ ಅಧ್ಯಕ್ಷ, ಉಳಿದವರು ಸರ್ಕಾರ ನೇಮಿಸಿದವರು. ಪಹಣಿಯ (ಜಮೀನಿನ ದಾಖಲೆ ಪತ್ರ) 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರಿದ್ದರೆ ಕೈಗೆ ಬಲ. ಗ್ರಾಮ ಲೆಕ್ಕಿಗನ ಹತ್ತಿರ ಧಣಿಯ ಮಾತು ನಡೆಯುವ ಕಡೆ ಆ ಹೆಸರು ಬೀಳುವುದೇ ಕಷ್ಟ. ಆದರೂ ಲಕ್ಷಾಂತರ ಗೇಣಿದಾರರು ಮಾಲೀಕರಾದರು, ಕಾನೂನು ಅವರ ಕಡೆ ವಾಲಿದ್ದರಿಂದ.

1978ರ ಪಿಟಿಸಿಎಲ್ ಕಾಯ್ದೆಯೂ ಅಷ್ಟೇ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಸಾಲಗಾರನ ಸಹಿ ಎಷ್ಟು ಸುಲಭವಾಗಿ ಬೀಳುತ್ತದೆ ಅನ್ನುವುದು ಅದನ್ನು ಬರೆದವರಿಗೆ ಗೊತ್ತಿತ್ತು.

79ಎ, 79ಬಿ ಹೆಸರಲ್ಲಿ ಲಂಚ ನಡೆದಿರಬಹುದು, ಅಲ್ಲಗಳೆಯುವುದಿಲ್ಲ. ಭೂಪರಿವರ್ತನೆಯಿಂದ ಏರುವ ಬೆಲೆಯಲ್ಲಿ ಮೊದಲ ಮಾಲೀಕನಿಗೂ ಪಾಲು ಅಂತ ಬರೆದು, ಆಮೇಲೆ ತಡೆ ತೆಗೆದಿದ್ದರೆ ನಾನೂ ಒಪ್ಪುತ್ತಿದ್ದೆ. 2020ರ ತಿದ್ದುಪಡಿಯಲ್ಲಿ ಅಂಥ ಒಂದು ಸಾಲೂ ಇಲ್ಲ.