ಮಟ್ಟ ಮಾಡಬೇಡಿ ಮಾರಾಯ್ರೆ

ಕಲ್ಲಿದ್ದಲು ತೆಗೆದು ಮುಗಿಸಿ 'ಪುನಶ್ಚೇತನ' ಮಾಡಿದ ಜಾಗ ಅಂತ ಒಂದು ಫೋಟೊ ಬೆಳಿಗ್ಗೆಯಿಂದ ಸುತ್ತುತ್ತಿದೆ. ಗಣಿಮಣ್ಣಿನ ಗುಡ್ಡೆ, ನೆತ್ತಿ ಕ್ರಿಕೆಟ್ ಪಿಚ್ಚಿನಷ್ಟು ಸಪಾಟು, ಸಾಲು ಸಾಲು ಗಿಡ, ಪಕ್ಕದಲ್ಲಿ ಎಷ್ಟು ಸಾವಿರ ನೆಟ್ಟೆವು ಅನ್ನೋ ಬೋರ್ಡು. ಯಾರದ್ದು ಅಂತ ಹೇಳಲ್ಲ. ಹಸಿರು ಕಂಡಿದ್ದೇ ನಾನೂ ಲೈಕ್ ಒತ್ತಿಬಿಟ್ಟೆ, ನಾಚಿಕೆಗೇಡು. ಆಮೇಲೆ ಝೂಮ್ ಮಾಡಿದರೆ ಗಿಡದ ಬುಡದಲ್ಲೆಲ್ಲ ನೀರು ನಿಂತಿದೆ.

ನಿಂತಿದೆ ಅಂದರೆ ಇಂಗುತ್ತಿಲ್ಲ. ಡಂಪರ್, ಡೋಜರ್ ಮತ್ತೆ ಮತ್ತೆ ಓಡಾಡಿದ ಮಣ್ಣು ಘನ ಸೆಂಟಿಮೀಟರಿಗೆ 1.7 ಗ್ರಾಂ ತೂಗಿಬಿಡುತ್ತೆ. ಬೇರಿಗೆ ಹಿತವಾದದ್ದು 1.3ರ ಆಸುಪಾಸು. ಒಂದಡಿ ಗುಂಡಿಯಲ್ಲಿ ನೆಟ್ಟ ಗಿಡ ಆ ಗುಂಡಿಯೊಳಗೇ ಬೇರು ಸುತ್ತಿಕೊಂಡು, ಕುಂಡದಲ್ಲಿಟ್ಟ ಹಾಗೆ, ಎರಡು ಮೂರು ಬೇಸಿಗೆಗೆ ಒಣಗುತ್ತೆ. ಅಷ್ಟರಲ್ಲಿ ಬೋರ್ಡು ಹಾಕಿಸಿದ ಸಾಹೇಬರಿಗೆ ವರ್ಗ ಆಗಿರುತ್ತೆ.

"ಸಡಿಲ ಬಿಟ್ಟರೆ ಮಳೆಗೆ ಕೊಚ್ಚಿ ಹೋಗಲ್ವಾ?" ಅಂತೀರಿ. ಅಮೆರಿಕದ ಅಪಲೇಚಿಯಾ ಅನ್ನೋ ಕಲ್ಲಿದ್ದಲು ಗುಡ್ಡಸೀಮೆಯಲ್ಲೂ, ಗಣಿ ತೋಡಿದ ನೆಲ ಸರಿಪಡಿಸಲೇಬೇಕು ಅನ್ನೋ 1977ರ ಕಾಯ್ದೆ ಬಂದಮೇಲೆ ಇದೇ ಭಯಕ್ಕೆ ಗುಡ್ಡ ತಟ್ಟಿ ಗಟ್ಟಿ ಮಾಡಿ ಹುಲ್ಲು ಬಿತ್ತಿದರು. ಹುಲ್ಲು ಬಂತು, ಕಾಡು ಬರಲಿಲ್ಲ. 2004ರಿಂದ ಅಲ್ಲಿನವರೇ ಬೇರೆ ಪಾಠ ಹೇಳುತ್ತಿದ್ದಾರೆ: ಒಳಗಿನ ರಾಶಿ ಗಟ್ಟಿ ಇರಲಿ, ಮೇಲಿನ ನಾಲ್ಕಡಿ ಸಡಿಲ ಇರಲಿ. ಲೋಡುಗಳನ್ನು ಒತ್ತೊತ್ತಾಗಿ ಸುರಿದು, ಹಗುರ ಡೋಜರಿನಲ್ಲಿ ಒಂದೆರಡು ಸಲ ತಲೆ ಸವರಿದರೆ ಮುಗೀತು. ಉಬ್ಬುತಗ್ಗು ಉಳಿದರೆ ಉಳೀಲಿ, ನೀರು ಅಲ್ಲೇ ಇಂಗುತ್ತೆ. ಕೊಚ್ಚುವುದು ಗಟ್ಟಿ ನೆಲದ ಮೇಲೆ ಓಡುವ ನೀರು. ಆಗಲೇ ತುಳಿದಾಗಿದೆಯಾ? ಡೋಜರ್ ಹಿಂದಿನ ರಿಪ್ಪರ್ ಹಲ್ಲಿನಿಂದ ಮೂರ್ನಾಲ್ಕು ಅಡಿ ಸೀಳಿಸಿ, ಅದೂ ಮಣ್ಣು ಒಣಗಿದಾಗ. ಒದ್ದೆಯಲ್ಲಿ ಸೀಳಿದರೆ ಮಣ್ಣು ಒಡೆಯಲ್ಲ, ಬರೀ ಗೆರೆ ಬೀಳುತ್ತೆ.

ಗಣಿ ತೋಡುವ ಮೊದಲೇ ಕೆರೆದಿಟ್ಟ ಮೇಲ್ಮಣ್ಣನ್ನೂ ಬೆಟ್ಟದಂತೆ ಪೇರಿಸಿ ವರ್ಷಗಟ್ಟಲೆ ಬಿಟ್ಟರೆ ಗಾಳಿಯಾಡದೆ ಒಳಗಿನ ಬೀಜ, ಶಿಲೀಂಧ್ರ ಸಾಯುತ್ತವೆ. ಎರಡು ಮೂರು ಮೀಟರ್ ಎತ್ತರ ಸಾಕು, ಮೇಲೆ ಸೆಣಬೋ ಹುರುಳಿಯೋ ಚೆಲ್ಲಿ.

ಅಸ್ಸಾಮಿನ ಮಾರ್ಘೆರಿಟಾ ಕಡೆಯ ಕಲ್ಲಿದ್ದಲು ಗಣಿಗಳಂತೆ ಗಂಧಕ ಹೆಚ್ಚಿರುವಲ್ಲಿ ಲೆಕ್ಕವೇ ಬೇರೆ. ಪೈರೈಟ್ ಅಂದರೆ ಕಬ್ಬಿಣ-ಗಂಧಕದ ಖನಿಜ, ಗಾಳಿ ನೀರು ತಗುಲಿದರೆ ಆಮ್ಲವಾಗುತ್ತೆ. ಅದರ ಗಂಧಕ ಶೇ. 1 ಇದ್ದರೂ ಆ ಆಮ್ಲ ತಣಿಸೋಕೆ ಸಾವಿರ ಟನ್ ಮಣ್ಣಿಗೆ ಸುಮಾರು 31 ಟನ್ ಸುಣ್ಣಕಲ್ಲಿನ ಪುಡಿ ಬೇಕು. ರಂಗೋಲಿ ಎಳೆದ ಹಾಗೆ ಎರಚಿದರೆ ಆಗಲ್ಲ.

ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲೂ ಬರುತ್ತೆ, ಹಾಗಾಗಿ "ನಮಗ್ಯಾಕೆ" ಅನ್ನಬೇಡಿ. ಗಿಡದ ಲೆಕ್ಕ ಕಳಿಸೋರು ಇನ್ನು ಮುಂದೆ, ಮಳೆ ನಿಂತ ಎರಡನೇ ದಿನ, ಒಂದು ಕಬ್ಬಿಣದ ಸರಳನ್ನು ಆ ನೆಲಕ್ಕೆ ಕೈಯಲ್ಲೇ ಒತ್ತಿ ಫೋಟೊ ಹಾಕಿ. ಎಷ್ಟು ಇಂಚು ಇಳೀತು, ಅದನ್ನಷ್ಟೇ ಬೋರ್ಡಿನಲ್ಲಿ ಬರೆಸಿ.