ಈಜಬೇಕಾಗಿಲ್ಲದ ಈಜುಡುಗೆ

ಜಗತ್ತಿನಲ್ಲಿ ಈಜುಡುಗೆಯಷ್ಟು ದುಡಿದ ಬಟ್ಟೆ ಇನ್ನೊಂದಿಲ್ಲ. ಎರಡೆರಡು ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆಗಳನ್ನು ಹೆತ್ತದ್ದು ಅದು. ಪೋಪ್ ಅವರಿಂದ ಬೈಸಿಕೊಂಡದ್ದು ಅದು. ನಮ್ಮ ಬೆಂಗಳೂರಿನಿಂದ ಗಡಿಪಾರಾಗಿ ಸಮುದ್ರ ದಾಟಿದ್ದೂ ಅದೇ. ಇಷ್ಟೆಲ್ಲ ಆದರೂ ನೀರಿಗಿಳಿಯುವ ಯೋಗ ಮಾತ್ರ ಅದಕ್ಕೆ ಕೂಡಿಬರಲಿಲ್ಲ. ವೇದಿಕೆ ಹತ್ತುವ ಹುಡುಗಿಗೆ ಈಜು ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಈಜುಡುಗೆ ತೊಟ್ಟು, ಕಾಲಿಗೆ ಹೈ ಹೀಲ್ಸ್ ಹಾಕಿ, ಬೀಳದೆ ನಡೆದರೆ ಸಾಕು. ಹೈ ಹೀಲ್ಸ್ ಹಾಕಿಕೊಂಡು ಯಾವ ಸಮುದ್ರಕ್ಕೆ ಇಳಿಯುತ್ತಾರೆ ಅಂತ ಕೇಳಬೇಡಿ. ಸೌಂದರ್ಯದ ವಿಷಯದಲ್ಲಿ ತರ್ಕ ಮಾಡಬಾರದು.

ಈ ಕಥೆ ಶುರುವಾದದ್ದು 1951ರಲ್ಲಿ, ಲಂಡನ್ನಿನಲ್ಲಿ. ಮಹಾಯುದ್ಧ ಮುಗಿದು ಆರು ವರ್ಷ ಕಳೆದಿದ್ದರೂ ಬ್ರಿಟನ್ನಿನಲ್ಲಿ ಇನ್ನೂ ಮಾಂಸಕ್ಕೆ, ಮಿಠಾಯಿಗೆ ರೇಷನ್. ಜನರ ಮುಖದಲ್ಲಿ ಒಂದಿಷ್ಟು ಕಳೆ ತರಲು ಸರ್ಕಾರ 'ಫೆಸ್ಟಿವಲ್ ಆಫ್ ಬ್ರಿಟನ್' ಎಂಬ ದೊಡ್ಡ ಉತ್ಸವ ನಡೆಸಿತು. ಡ್ಯಾನ್ಸ್ ಹಾಲ್‌ಗಳನ್ನು ನಡೆಸುತ್ತಿದ್ದ ಮೆಕ್ಕಾ ಕಂಪನಿಯ ಎರಿಕ್ ಮಾರ್ಲೆ ಆ ಜನಜಂಗುಳಿಗೆ ತಮ್ಮದೂ ಒಂದು ಐಟಂ ಇರಲಿ ಅಂತ ಬಿಕಿನಿ ಸ್ಪರ್ಧೆ ಇಟ್ಟರು. ಅದೇ ಮುಂದೆ ವಿಶ್ವಸುಂದರಿ, ಅಂದರೆ ಮಿಸ್ ವರ್ಲ್ಡ್ ಸ್ಪರ್ಧೆಯಾಯಿತು. ಸ್ವೀಡನ್ನಿನ ಕಿಕಿ ಹೋಕನ್ಸನ್ ಬಿಕಿನಿಯಲ್ಲೇ ಕಿರೀಟ ತೊಟ್ಟರು. ಪೋಪ್ ಸಿಟ್ಟಾದರು. ಬರುವುದೇ ಇಲ್ಲ ಎಂದು ಕೆಲವು ದೇಶಗಳು ಮುನಿಸಿಕೊಂಡವು. ಮುಂದಿನ ಸಲ ಬಿಕಿನಿ ಹೋಗಿ ಒಂದೇ ತುಂಡಿನ ಈಜುಡುಗೆ ಬಂತು. ಹೊಟ್ಟೆ ಮುಚ್ಚಿತು, ಧರ್ಮ ಉಳಿಯಿತು.

ಅಮೆರಿಕದವರು ಹಿಂದೆ ಬೀಳುತ್ತಾರೆಯೇ? ಅವರಿಗೆ ಆಗಲೇ ಮಿಸ್ ಅಮೆರಿಕ ಎಂಬ ಸ್ಪರ್ಧೆ ಇತ್ತು. ಬೇಸಿಗೆ ಮುಗಿದರೂ ಪ್ರವಾಸಿಗರು ಊರು ಬಿಟ್ಟು ಹೋಗದಿರಲಿ ಅಂತ 1921ರಲ್ಲಿ ಅಟ್ಲಾಂಟಿಕ್ ಸಿಟಿಯ ವ್ಯಾಪಾರಿಗಳು ಹುಟ್ಟುಹಾಕಿದ್ದು ಅದು. 1951ರಲ್ಲಿ ಆ ಕಿರೀಟ ಹೊತ್ತವರು ಯೊಲಾಂಡ್ ಬೆಟ್‌ಬೀಜ್. ನಾನು ಹಾಡುಗಾರ್ತಿ, ಊರೂರು ತಿರುಗಿ ಈಜುಡುಗೆಯಲ್ಲಿ ಪೋಸು ಕೊಡುವುದಿಲ್ಲ ಎಂದರು. ಸ್ಪರ್ಧೆಗೆ ದುಡ್ಡು ಹಾಕುತ್ತಿದ್ದ ಕ್ಯಾಟಲಿನಾ ಎಂಬ ಈಜುಡುಗೆ ಕಂಪನಿಗೆ ಇದರಿಂದ ಭಯಂಕರ ಅವಮಾನವಾಯಿತು. ನಿಮ್ಮ ಸಹವಾಸವೇ ಬೇಡ ಎಂದು ಹೊರಬಿದ್ದು 1952ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ತನ್ನದೇ ಸ್ಪರ್ಧೆ ಮಾಡಿತು. ಅದೇ ಭುವನಸುಂದರಿ, ಅಂದರೆ ಮಿಸ್ ಯೂನಿವರ್ಸ್. ಒಬ್ಬ ಹೆಣ್ಣುಮಗಳು 'ಒಲ್ಲೆ' ಎಂದದ್ದಕ್ಕೆ ಇಡೀ ಭುವನವೇ ಈಜುಡುಗೆ ತೊಡಬೇಕಾಯಿತು ನೋಡಿ.

ಆ ಮೊದಲ ಭುವನಸುಂದರಿ ಸ್ಪರ್ಧೆಗೆ ಭಾರತದಿಂದ ಹೋದವರು ನೃತ್ಯಗಾರ್ತಿ ಇಂದ್ರಾಣಿ ರೆಹಮಾನ್. ಅವರಿಗೆ ಮದುವೆಯಾಗಿತ್ತು, ಮಗುವೂ ಇತ್ತು. ಆಗ ಯಾರ ಸೌಂದರ್ಯಕ್ಕೂ ಅದರಿಂದ ಕುಂದು ಬರಲಿಲ್ಲ. ಆಮೇಲೆ ಬಂತು ನಿಯಮ. ಮದುವೆಯಾಗಿರಬಾರದು, ಮಕ್ಕಳಿರಬಾರದು. ಭುವನಸುಂದರಿಯವರು ಈ ನಿಯಮ ಕೈಬಿಟ್ಟದ್ದು 2023ಕ್ಕೆ. ವಿಶ್ವಸುಂದರಿಯವರು ಇನ್ನೂ ಕಟ್ಟುನಿಟ್ಟು. 1974ರಲ್ಲಿ ಗೆದ್ದ ಬ್ರಿಟನ್ನಿನ ಹೆಲೆನ್ ಮಾರ್ಗನ್‌ಗೆ ಒಂದು ಮಗುವಿದೆ ಎಂದು ಪತ್ರಿಕೆಗಳು ಬೊಬ್ಬೆ ಹಾಕಿದವು. ನಾಲ್ಕೇ ದಿನಕ್ಕೆ ಅವರು ಕಿರೀಟ ಬಿಟ್ಟುಕೊಟ್ಟರು.

ಇದರ ನಿಜವಾದ ಸೊಗಸು ಇರುವುದು ಪ್ರಶ್ನೋತ್ತರದಲ್ಲಿ. 2017ರಲ್ಲಿ ಚೀನಾದ ಸಾನ್ಯಾದಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯಲ್ಲಿ ನಮ್ಮ ಮಾನುಷಿ ಛಿಲ್ಲರ್‌ಗೆ, ಅತಿ ಹೆಚ್ಚು ಸಂಬಳ ಸಿಗಬೇಕಾದ ವೃತ್ತಿ ಯಾವುದು ಎಂದು ಕೇಳಿದರು. ಅವರು ತಾಯಿಯ ಕೆಲಸ ಎಂದರು. ಸಭೆಗೆ ಸಭೆಯೇ ಕರಗಿತು, ಕಿರೀಟ ಬಂತು. ಮಾರನೇ ವರ್ಷ ಮಿಸ್ ಉಕ್ರೇನ್ ಆದವರಿಗೆ ಮಗನಿದ್ದಾನೆ ಎಂದು ಗೊತ್ತಾಯಿತು. ಅಲ್ಲಿನವರು ಕಿರೀಟ ಕಿತ್ತುಕೊಂಡರು. ವಿಶ್ವಸುಂದರಿ ನಿಯಮದಲ್ಲಿ ತಾಯಂದಿರಿಗೆ ಜಾಗವಿಲ್ಲವಂತೆ. ತಾಯಿಯನ್ನು ಹೊಗಳಬಹುದು, ಆಗಬಾರದು. ಆಕೆ ಕೋರ್ಟಿಗೆ ಹೋದರು. ಹೋಗದೆ ಇನ್ನೇನು ಮಾಡುತ್ತಾರೆ?

ಪ್ರಶ್ನೆ ಕೇಳುವ ಧಾಟಿ ನಮಗೆ ಹೊಸದೇನಲ್ಲ. ಹೆಣ್ಣು ನೋಡಲು ಬಂದವರು ಹಿಂದೆ ಹೀಗೇ ಅಲ್ವಾ ಮಾಡುತ್ತಿದ್ದದ್ದು? ಸ್ವಲ್ಪ ನಡೆದು ತೋರಿಸಮ್ಮ, ಒಂದು ಹಾಡು ಹೇಳಮ್ಮ, ಎಲ್ಲಿ ಕೂದಲು ಬಿಚ್ಚಮ್ಮ. ಇಲ್ಲಿ ಉಪ್ಪಿಟ್ಟು, ಕೇಸರಿಬಾತ್ ಇಲ್ಲ ಅನ್ನುವುದೊಂದೇ ವ್ಯತ್ಯಾಸ. ಅರ್ಧ ನಿಮಿಷದಲ್ಲಿ ಹವಾಮಾನ ಬದಲಾವಣೆಗೆ ಪರಿಹಾರ ಹೇಳಬೇಕು, ನಗು ಮಾತ್ರ ಮಾಸಬಾರದು. 2021ರಲ್ಲಿ ಇಸ್ರೇಲಿನ ಐಲಾಟ್‌ನಲ್ಲಿ ಹರ್ನಾಜ್ ಸಂಧು ಭುವನಸುಂದರಿಯಾದ ರಾತ್ರಿ ನಿರೂಪಕ ಸ್ಟೀವ್ ಹಾರ್ವಿ, ನೀವು ಪ್ರಾಣಿಗಳ ಸದ್ದು ಚೆನ್ನಾಗಿ ಅನುಕರಿಸುತ್ತೀರಂತೆ, ಒಂದು ಮಾಡಿ ಎಂದರು. ಭುವನದ ಎದುರು ನಮ್ಮ ಹುಡುಗಿ ನಮಸ್ತೆ ಹೇಳಿ, 'ಮ್ಯಾವ್' ಎಂದರು. ಹವಾಮಾನದ ಪ್ರಶ್ನೆಗೂ ಅವರು ಒಳ್ಳೆಯ ಉತ್ತರವನ್ನೇ ಕೊಟ್ಟಿದ್ದರು. ಜನರಿಗೆ ನೆನಪಿರುವುದು ಮ್ಯಾವ್.

ಇನ್ನು ವಿಶ್ವಶಾಂತಿ. ಇದು ಸೌಂದರ್ಯ ಸ್ಪರ್ಧೆಗಳ ಮನೆದೇವರು. 1966ರಲ್ಲಿ ಏಷ್ಯಾದ ಮೊದಲ ವಿಶ್ವಸುಂದರಿಯಾದವರು ಮುಂಬೈಯ ವೈದ್ಯಕೀಯ ವಿದ್ಯಾರ್ಥಿನಿ ರೀಟಾ ಫಾರಿಯಾ. ಸೀರೆಯನ್ನೂ ಈಜುಡುಗೆಯನ್ನೂ ಕಡ ತಂದುಕೊಂಡು ಹೋಗಿದ್ದರಂತೆ. ಗೆದ್ದ ಮೇಲೆ ಅವರ ಶಾಂತಿಯಾತ್ರೆ ಎಲ್ಲಿಗೆ? ವಿಯೆಟ್ನಾಮಿಗೆ! ಹಾಸ್ಯನಟ ಬಾಬ್ ಹೋಪ್ ತಂಡದ ಜೊತೆ ಅಮೆರಿಕದ ಸೈನಿಕರನ್ನು ರಂಜಿಸಲು. ಭಾರತದಲ್ಲಿ ಗಲಾಟೆಯಾಯಿತು. ರೀಟಾ ಮಾತ್ರ ಒಂದು ವರ್ಷ ಮುಗಿದದ್ದೇ ಕಿರೀಟ ಪಕ್ಕಕ್ಕಿಟ್ಟು, ಓದು ಮುಗಿಸಿ ಡಾಕ್ಟರಾದರು. ಇಡೀ ಇತಿಹಾಸದಲ್ಲಿ ನನಗೆ ತುಂಬ ಹಿಡಿಸಿದ ಹೆಂಗಸು ಇವರೇ.

ಅದೇ ಬಾಬ್ ಹೋಪ್ 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಗೆ ನಿರೂಪಕರು. ಹೆಂಗಸರ ಬಗ್ಗೆ ಹಳಸಲು ಜೋಕು ಹೊಡೆಯುತ್ತಿದ್ದಾಗ ಪ್ರೇಕ್ಷಕರ ನಡುವಿನಿಂದ ಸ್ತ್ರೀವಾದಿಗಳು ಎದ್ದು ಹಿಟ್ಟಿನ ಪೊಟ್ಟಣ ಎಸೆದರು. ಟಿವಿಯಲ್ಲಿ ಲೋಕವೆಲ್ಲ ನೋಡಿತು. ಆದರೆ ಆ ರಾತ್ರಿಯ ದೊಡ್ಡ ತಮಾಷೆ ಹಿಟ್ಟಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಬಿಳಿಯ ಹುಡುಗಿ ಮಾತ್ರ ಬರುತ್ತಾಳೆ ಎಂದು ಜನ ಆಕ್ಷೇಪ ಎತ್ತಿದ್ದರು. ಸಂಘಟಕರು ಕೂಡಲೇ ನ್ಯಾಯ ಒದಗಿಸಿದರು. ಒಂದೇ ದೇಶದಿಂದ ಇಬ್ಬರು! ಬಿಳಿಯರಿಗೆ 'ಮಿಸ್ ಸೌತ್ ಆಫ್ರಿಕಾ', ಉಳಿದವರಿಗೆ 'ಮಿಸ್ ಆಫ್ರಿಕಾ ಸೌತ್'. ಪದವನ್ನು ಹಿಂದುಮುಂದು ಮಾಡಿದರೆ ವರ್ಣಭೇದ ಮುಗಿಯಿತು. ಗೆದ್ದವರು ಪುಟ್ಟ ದ್ವೀಪ ಗ್ರೆನಡಾದ ಜೆನಿಫರ್ ಹಾಸ್ಟೆನ್. ತೀರ್ಪುಗಾರರ ಸಾಲಿನಲ್ಲಿ ಕೂತಿದ್ದವರಲ್ಲಿ ಒಬ್ಬರು ಗ್ರೆನಡಾದ ಪ್ರೀಮಿಯರ್ ಎರಿಕ್ ಗೇರಿ. ಜನ ಮೂಗು ಮುರಿದರು, ಫಲಿತಾಂಶ ಬದಲಾಗಲಿಲ್ಲ.

ರೀಟಾ ನಂತರ 28 ವರ್ಷ ನಮ್ಮ ಹುಡುಗಿಯರಿಗೆ ಈ ಎರಡರಲ್ಲಿ ಒಂದು ಕಿರೀಟವೂ ಇಲ್ಲ. 1991ರಲ್ಲಿ ದೇಶದ ಮಾರುಕಟ್ಟೆ ಬಾಗಿಲು ತೆರೆಯಿತು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿ. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ, 2000ದಲ್ಲಿ ಲಾರಾ ದತ್ತಾ ಮತ್ತು ಪ್ರಿಯಾಂಕಾ ಚೋಪ್ರಾ. ಏಳು ವರ್ಷದಲ್ಲಿ ಆರು ಕಿರೀಟ. ಆಮೇಲೆ 2017ರವರೆಗೆ ಮತ್ತೆ ಬರಗಾಲ. ಆ ಹೊತ್ತಿಗೆ ನಮ್ಮ ಬಚ್ಚಲಿನಲ್ಲಿ ಶಾಂಪೂ ಬಾಟಲಿಗಳು ಸಾಲಾಗಿ ನಿಂತಿದ್ದವು, ಚಿಕ್ಕ ಊರಿನಲ್ಲೂ ಬ್ಯೂಟಿ ಪಾರ್ಲರ್ ಬೋರ್ಡು ಬಂದಿತ್ತು. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಇಸವಿಗಳನ್ನು ಪಕ್ಕಪಕ್ಕ ಇಟ್ಟೆ.

ಈಗ ನಮ್ಮೂರಿಗೆ ಬರೋಣ. 1996. ಹಾಸನದ ರೈತನ ಮಗ ದೇವೇಗೌಡರು ದೆಹಲಿಯಲ್ಲಿ ಪ್ರಧಾನಿ. ಇಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ವಿಶ್ವಸುಂದರಿ ಸ್ಪರ್ಧೆಯನ್ನು ಬೆಂಗಳೂರಿಗೆ ತಂದಿತು. ಜಾಗ ಚಿನ್ನಸ್ವಾಮಿ ಕ್ರೀಡಾಂಗಣ. ಅದೇ ವರ್ಷದ ಮಾರ್ಚ್‌ನಲ್ಲಿ ಅಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವರು ಪಾಕಿಸ್ತಾನದ ಆಮಿರ್ ಸೊಹೈಲ್ ವಿಕೆಟ್ ಕಿತ್ತು ದಾರಿ ತೋರಿಸಿದ್ದರು. ಪಾಕಿಸ್ತಾನ ಬಂದಾಗಲೂ ಆಗದ ಗಲಾಟೆ 88 ಹುಡುಗಿಯರು ಬಂದಾಗ ಆಯಿತು.

ವಿರೋಧಿಸಿದವರ ಪಟ್ಟಿಯನ್ನು ನೋಡಿದರೆ ಖುಷಿಯಾಗುತ್ತದೆ. ಬೇರೆ ಯಾವ ವಿಷಯಕ್ಕೂ ಒಂದೇ ರಸ್ತೆಯಲ್ಲಿ ನಡೆಯದವರೆಲ್ಲ ಒಟ್ಟಿಗೆ ಬಂದಿದ್ದರು. ಬಲಗಡೆಯವರು ಭಾರತೀಯ ಸಂಸ್ಕೃತಿ ಹಾಳಾಯಿತು ಎಂದರು. ಎಡಗಡೆಯ ಮಹಿಳಾ ಸಂಘಟನೆಗಳು ಹೆಣ್ಣನ್ನು ಸರಕು ಮಾಡಿದಿರಿ ಎಂದವು. ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಆ ವರ್ಷದ ಆರಂಭದಲ್ಲೇ ಕೆಎಫ್‌ಸಿ ಕೋಳಿ ಅಂಗಡಿಗೆ ನುಗ್ಗಿತ್ತು. ಅವರ ಲೆಕ್ಕದಲ್ಲಿ ಅದೂ ಇದೂ ಒಂದೇ ಹಡಗಿನಲ್ಲಿ ಬಂದ ಮಾಲು. ಮೈ ಕಾಣುತ್ತದೆ ಎಂದು ಒಬ್ಬರ ಸಿಟ್ಟು, ಲಾಭ ಕಾಣುತ್ತದೆ ಎಂದು ಇನ್ನೊಬ್ಬರ ಸಿಟ್ಟು. ಘೋಷಣೆ ಮಾತ್ರ ಒಂದೇ. ಕ್ರೀಡಾಂಗಣಕ್ಕೆ ನುಗ್ಗಿ ಪ್ರಾಣ ಕೊಡುತ್ತೇವೆ ಎಂದು ಬೆದರಿಕೆ ಹಾಕಿದವರಿದ್ದರು. ವಿಷಯ ಹೈಕೋರ್ಟಿಗೂ ಹೋಯಿತು. ದೂರದ ಮಧುರೈಯಲ್ಲಿ ಒಬ್ಬ ಯುವಕ ನಿಜವಾಗಿಯೂ ಬೆಂಕಿ ಹಚ್ಚಿಕೊಂಡು ಸತ್ತ. ಅದರ ಬಗ್ಗೆ ತಮಾಷೆ ಬರೆಯಲು ನನ್ನ ಕೈಲಾಗದು.

ಇಷ್ಟು ಗಲಾಟೆಗೆ ಸಿಕ್ಕ ಪರಿಹಾರ ಏನು ಗೊತ್ತೇ? ಸ್ಪರ್ಧೆ ಇಲ್ಲೇ, ಈಜುಡುಗೆ ಸುತ್ತು ಮಾತ್ರ ಸೆಷೆಲ್ಸ್ ದ್ವೀಪದಲ್ಲಿ! ಕಾರವಾರ, ಗೋಕರ್ಣ, ಮಲ್ಪೆ, ಉಳ್ಳಾಲ, ಇಷ್ಟುದ್ದದ ಕಡಲತೀರ ಇಟ್ಟುಕೊಂಡ ರಾಜ್ಯ ಒಂದು ಬಟ್ಟೆಯನ್ನು ವಿಮಾನ ಹತ್ತಿಸಿ ಸಾವಿರಾರು ಮೈಲಿ ಆಚೆ ಕಳಿಸಿತು. ಭಾರತೀಯ ಸಂಸ್ಕೃತಿ ಹಿಂದೂ ಮಹಾಸಾಗರದ ನಡುವೆ ಎಲ್ಲೋ ಒಂದು ಕಡೆ ಮುಗಿಯುತ್ತದೆ, ಅಲ್ಲಿಂದಾಚೆ ಏನು ಬೇಕಾದರೂ ತೊಡಬಹುದು ಎಂಬ ಭೂಗೋಳ ಅವತ್ತು ನಮಗೆ ಗೊತ್ತಾಯಿತು. ಸೆಷೆಲ್ಸ್‌ನಲ್ಲಿ ತೆಗೆದ ದೃಶ್ಯಗಳು ಟಿವಿಯಲ್ಲಿ ನಮ್ಮ ಪಡಸಾಲೆಗೇ ಬಂದವು ಅನ್ನುವುದು ಬೇರೆ ಮಾತು. ಆ ಜಾಗ ಎಷ್ಟು ಹಿಡಿಸಿತೆಂದರೆ 1997 ಮತ್ತು 1998ರಲ್ಲಿ ಇಡೀ ಸ್ಪರ್ಧೆಯೇ ಅಲ್ಲಿಗೆ ಹೋಯಿತು.

ನವೆಂಬರ್ 23ರ ರಾತ್ರಿ ಸಾವಿರಾರು ಪೊಲೀಸರ ಕಾವಲಿನಲ್ಲಿ ಗ್ರೀಸಿನ ಐರಿನ್ ಸ್ಕ್ಲಿವಾ ಗೆದ್ದರು. ಎಲ್ಲರೂ ಮನೆಗೆ ಹೋದರು. ಆಮೇಲೆ ಎಬಿಸಿಎಲ್ ಸಾಲದಲ್ಲಿ ಸಿಕ್ಕಿಕೊಂಡಿತು. ಈ ಪ್ರಸಂಗದಲ್ಲಿ ನಿಜವಾಗಿ ಮುಳುಗಿದವರು ಯಾರಾದರೂ ಇದ್ದರೆ ಅದು ಈಜುಡುಗೆಯಿಲ್ಲದ ಆ ಕಂಪನಿ.

ಅದೇ 1996ರಲ್ಲಿ ಭುವನಸುಂದರಿ ಸ್ಪರ್ಧೆಯನ್ನು ಡೊನಾಲ್ಡ್ ಟ್ರಂಪ್ ಕೊಂಡರು. ಗೆದ್ದ ವೆನೆಜುವೆಲಾದ ಅಲಿಸಿಯಾ ಮಚಾಡೊ ದಪ್ಪಗಾದರೆಂದು ಜಿಮ್ಮಿಗೆ ಕ್ಯಾಮೆರಾದವರನ್ನು ಕರೆಸಿ ಅವರೆದುರು ಕಸರತ್ತು ಮಾಡಿಸಿದರು. 2015ರವರೆಗೆ ಭುವನ ಅವರದೇ ಕೈಯಲ್ಲಿತ್ತು. 2022ರಲ್ಲಿ ಥಾಯ್ಲೆಂಡಿನ ಜೆಕೆಎನ್ ಕಂಪನಿ ಅದನ್ನು 2 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಸಾಲ ತೀರಿಸಲಾಗದೆ ಕೋರ್ಟಿನ ಮುಂದೆ ನಿಂತಿತು. 2025ರಲ್ಲಿ ಬ್ಯಾಂಕಾಕಿನಲ್ಲಿ ಸಂಘಟಕರೊಬ್ಬರು ಮೆಕ್ಸಿಕೋದ ಹುಡುಗಿಯನ್ನು ಎಲ್ಲರೆದುರು ಗದರಿದರು. ಆಕೆ ಎದ್ದು ಹೊರನಡೆದರು, ಜೊತೆಗೆ ಇನ್ನೂ ಕೆಲವರು ನಡೆದರು. ಫೈನಲ್‌ಗೆ ಕೆಲವೇ ದಿನ ಮುಂಚೆ ತೀರ್ಪುಗಾರರೊಬ್ಬರು ಆಯ್ಕೆಯಾಗುವವರ ಪಟ್ಟಿ ಮೊದಲೇ ರೆಡಿಯಾಗಿದೆ ಎಂದು ಬಿಟ್ಟುಹೋದರು. ಹಾಗೇನಿಲ್ಲ ಎಂದಿತು ಸಂಸ್ಥೆ. ಕೊನೆಗೆ ಗೆದ್ದವರು ಗದರಿಸಿಕೊಂಡ ಅದೇ ಮೆಕ್ಸಿಕೋದ ಫಾತಿಮಾ ಬಾಷ್.

ವಿಶ್ವಸುಂದರಿಯವರು 2015ರಿಂದ ಈಜುಡುಗೆ ಸುತ್ತನ್ನೇ ಕೈಬಿಟ್ಟರು. ಅರವತ್ತಕ್ಕೂ ಹೆಚ್ಚು ವರ್ಷ ದುಡಿದ ಬಟ್ಟೆಗೆ ಒಂದು ಬೀಳ್ಕೊಡುಗೆ ಸಮಾರಂಭವೂ ಇಲ್ಲ. ಈಗ ಅವರದು ಸದುದ್ದೇಶದ ಸೌಂದರ್ಯ. 2025ರ ಮೇ ತಿಂಗಳಲ್ಲಿ ಆ ಸದುದ್ದೇಶ ಹೈದರಾಬಾದಿಗೆ ಬಂತು, ತೆಲಂಗಾಣ ಸರ್ಕಾರವೇ ಆತಿಥೇಯ. ರಾಮಪ್ಪ ದೇವಸ್ಥಾನ ನೋಡಲು ಹೋದ ಸುಂದರಿಯರ ಕಾಲಿಗೆ ಸ್ಥಳೀಯ ಹೆಂಗಸರು ನೀರು ಹಾಕಿ ತೊಳೆದರು. ಇಷ್ಟು ವರ್ಷಕ್ಕೆ ಸ್ಪರ್ಧೆಗೆ ನೀರು ಬಂತಲ್ಲ ಅಂತ ನನಗೆ ಸಂತೋಷವಾಗಬೇಕಿತ್ತು. ವಿಡಿಯೊ ನೋಡಿದ ಜನ ಮಾತ್ರ ಬೈದರು. ಅದು ಅತಿಥಿಗಳನ್ನು ಗೌರವಿಸುವ ಪದ್ಧತಿ ಎಂಬ ಸಮಜಾಯಿಷಿ ಬಂತು. ಅತಿಥಿ ದೇವರೇ ಸರಿ. ಆದರೆ ಬಗ್ಗಿ ತೊಳೆಯುವ ಕೈ ಯಾವಾಗಲೂ ಹೆಂಗಸಿನದೇ ಯಾಕೆ? ಅಷ್ಟರಲ್ಲಿ ಮಿಸ್ ಇಂಗ್ಲೆಂಡ್ ಅರ್ಧಕ್ಕೇ ಊರಿಗೆ ಹೋಗಿ, ನಮ್ಮನ್ನು ಪ್ರಾಯೋಜಕರ ಟೇಬಲ್‌ಗಳಲ್ಲಿ ಕೂರಿಸಿ ಅವರನ್ನು ಖುಷಿಪಡಿಸಲು ಹೇಳಿದರು ಎಂದು ದೂರಿದರು. ಸಂಘಟಕರು ಅಲ್ಲಗಳೆದರು.

ನಾಳೆ ನಮ್ಮ ಸರ್ಕಾರಕ್ಕೂ ಮತ್ತೆ ಈ ಆಸೆ ಹುಟ್ಟಬಹುದು. ಹೂಡಿಕೆ, ಪ್ರವಾಸೋದ್ಯಮ, ಬ್ರ್ಯಾಂಡ್ ಬೆಂಗಳೂರು ಅಂತ ಕಾರಣಗಳಿಗೇನು ಬರವೇ? ಬರಲಿ ಬಿಡಿ, ವಿರೋಧವಿಲ್ಲ. ಒಂದೇ ಒಂದು ಬದಲಾವಣೆ ಮಾಡಿಕೊಳ್ಳಲಿ. ಸುಂದರಿಯರು ಕೈಯಲ್ಲಿ ಪೆನ್ನು, ಪ್ಯಾಡು ಹಿಡಿದು ಮುಂದಿನ ಸಾಲಿನಲ್ಲಿ ಕೂರಲಿ. ಮಲ್ಪೆ ಬೀಚಿನಲ್ಲಿ ಒಂದು ರ‍್ಯಾಂಪ್ ಹಾಕಿಸಿ, ಲೈಸೆನ್ಸ್ ಕೊಂಡವರು, ಪ್ರಾಯೋಜಕರು, ಆತಿಥೇಯ ಇಲಾಖೆಯ ಸಾಹೇಬರು ಈಜುಚಡ್ಡಿಯಲ್ಲಿ ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ಒಬ್ಬೊಬ್ಬರಾಗಿ ನಡೆದು ಬರಲಿ. ಹೊಟ್ಟೆ ಒಳಗೆ ಎಳೆದುಕೊಳ್ಳುವುದು ಅವರವರ ಇಷ್ಟ. ನಗು ಕಡ್ಡಾಯ. ಕೊನೆಯ ಸುತ್ತಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ಇದಕ್ಕೆಲ್ಲ ಎಷ್ಟು ಖರ್ಚಾಯಿತು, ಯಾರ ದುಡ್ಡು, ಬಂದ ಲಾಭ ಯಾರ ಜೇಬಿಗೆ ಹೋಯಿತು?

ಉತ್ತರಕ್ಕೆ ಅರ್ಧ ನಿಮಿಷ. ಹೊಳೆಯದಿದ್ದರೆ ಮ್ಯಾವ್ ಅನ್ನಬಹುದು.