ಬಾಲ ಅಡ್ಡ ಯಾಕೆ ಸರ್?

ಹೈಸ್ಕೂಲ್ ಮಕ್ಕಳಿಗೆ ಕಡಲ ಸಸ್ತನಿಗಳನ್ನು ಪ್ರಾಜೆಕ್ಟ್ ಮೂಲಕ ಕಲಿಸಿ ಎಂದಿದ್ದೀರಿ. ಒಪ್ಪಿದೆ, ಆದರೆ ಸುಮ್ನೆ ಚಾರ್ಟ್ ಅಂಟಿಸಿದರೆ ಅದು ಪ್ರಾಜೆಕ್ಟ್ ಅಲ್ಲ. ನಾನು ಕಾರವಾರ ಕಡೆಯ ವಿಜ್ಞಾನ ಮೇಷ್ಟ್ರು. ಒಂಬತ್ತನೇ ತರಗತಿಯವರನ್ನು ಕಾಳಿ ನದಿ ಕಡಲು ಸೇರುವ ಅಳಿವೆ ಹತ್ತಿರ ಕೂರಿಸಿದ್ದೆ. ಕೆಲಸ ಇಷ್ಟೇ: ಗೂನುಬೆನ್ನಿನ ಡಾಲ್ಫಿನ್ ಎಷ್ಟು ಹೊತ್ತಿಗೊಮ್ಮೆ ಉಸಿರಿಗೆ ಮೇಲೆ ಬರುತ್ತದೆ, ಬರೆದುಕೊಳ್ಳಿ. ಮೊದಲ ದಿನ ಒಂದೂ ಕಾಣಲಿಲ್ಲ. ಬಿಸಿಲಿಗೆ ಮಕ್ಕಳು ನನ್ನನ್ನೇ ಬೈದುಕೊಂಡಿರಬೇಕು! ಎರಡನೇ ದಿನ ಮೀನುಗಾರರ ಮನೆಯ ಹುಡುಗಿಯೊಬ್ಬಳು, "ಸರ್, ಮೀನಿನ ಬಾಲ ನೆಟ್ಟಗೆ, ಇದರದ್ದು ಅಡ್ಡ. ಯಾಕೆ?" ಎಂದಳು. ಡಾಲ್ಫಿನ್ ಬೆನ್ನುಮೂಳೆ ಮೇಲೆ ಕೆಳಗೆ ಬಾಗುವುದು, ಆ ಗುಣ ನೆಲದ ಮೇಲೆ ಓಡಾಡುತ್ತಿದ್ದ ಪೂರ್ವಜರಿಂದ ಬಂದದ್ದು, ಎಲ್ಲ ಪಾಠವೂ ಆ ಪ್ರಶ್ನೆಯಿಂದಲೇ ಹೊರಟಿತು. ನಿಮ್ಮ ಸಲಹೆಗೆ ಒಂದು ವಿಷಯ ಸೇರಿಸಿ: ದೋಣಿಯಲ್ಲಿ ಬೆನ್ನಟ್ಟುವುದು ಬೇಡ, ದಡದಿಂದಲೇ ನೋಡಲಿ.